ಒಬ್ಬಳಿಗೆ ಅಳೆದ ಪೊಟ್ಟಣಗಳು

ಒಣಗಿದ ಟೊಮೆಟೊ ಹೋಳನ್ನು ಬೆರಳುಗಳ ನಡುವೆ ಹಿಡಿದು ಬಗ್ಗಿಸಿ ನೋಡಬೇಕು. ಬಗ್ಗಿದರೆ ಒಳಗೆ ಇನ್ನೂ ನೀರಿದೆ. ಚಟ್ಟನೆ ಮುರಿದರೆ ಡಬ್ಬಿಗೆ ಹೋಗಬಹುದು. ಒಣಗಿಸಿದ ಅನ್ನದ ಅಗುಳು ಹಲ್ಲಿಗೆ ಸಿಕ್ಕಿ ಕಟಕ್ಕೆನ್ನಬೇಕು. ಹಿತಕಿದ ಅವರೆಬೇಳೆಯನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರೆ ಪುಡಿಯಾಗಬೇಕು, ಚಪ್ಪಟೆಯಾಗಬಾರದು. ಇಷ್ಟನ್ನು ಕಲಿಯಲು ನನಗೊಂದು ಬೇಸಿಗೆ ಹಿಡಿಯಿತು. ಉಳಿದದ್ದನ್ನು ಕಲಿಸಿದ್ದು ಮಳೆಗಾಲ ಮತ್ತು ಅಮ್ಮ.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತೇನೆ. ಮನೆ ಇರುವುದು ಕುಶಾಲನಗರದ ಹತ್ತಿರ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು ನಾವು. ಶುಂಠಿ, ಮುಸುಕಿನ ಜೋಳ ಬೆಳೆಯುತ್ತೇವೆ. ಮಡಿಕೇರಿಯಲ್ಲಿ ಕೊಡೆ ಮಡಚಲಾಗದ ದಿನಗಳಲ್ಲೂ ನಮ್ಮಲ್ಲಿ ಮಧ್ಯಾಹ್ನಕ್ಕೊಮ್ಮೆ ಬಿಸಿಲು ಇಣುಕುವುದುಂಟು. ಹಾಗಾಗಿ ಒಣಗಿಸುವ ಕೆಲಸವನ್ನೆಲ್ಲ ರಜೆಯ ದಿನಗಳಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ಮಾಡಿದೆ.

ಇದು ಶುರುವಾದದ್ದು ಒಂದು ಚಾರಣದಿಂದ. ಸಹೋದ್ಯೋಗಿಗಳು, ಅವರ ಪರಿಚಯದವರು ಎಲ್ಲ ಸೇರಿ ಒಂದು ಬೆಟ್ಟ ಹತ್ತಿದ್ದೆವು. ಮೇಲೆ ತಲುಪಿ ಬೆನ್ನಿನ ಚೀಲ ಇಳಿಸುತ್ತಿದ್ದಂತೆ ಗಂಡಸರು ಗುಡಾರ ಹಾಕಲು ಹೊರಟರು. ಅವರಲ್ಲೊಬ್ಬರು ತಿರುಗಿ, "ಹೇಗೂ ಲೇಡೀಸ್ ಇದ್ದೀರಲ್ಲ, ಒಂದು ಚಿತ್ರಾನ್ನ ಹಾಕ್ಬಿಡಿ, ಸಿಂಪಲ್ಲಾಗಿ," ಎಂದರು. ಅಷ್ಟು ಜನಕ್ಕೆ ಈರುಳ್ಳಿ ಹೆಚ್ಚುವುದರಲ್ಲಿ ಸಿಂಪಲ್ಲಾದದ್ದು ಏನೂ ಇರಲಿಲ್ಲ. ಬೆಟ್ಟ ಹತ್ತಿ ಹೋದವಳು ಸೂರ್ಯ ಮುಳುಗುವುದನ್ನು ಪಾತ್ರೆಯ ಮುಚ್ಚಳದ ಹೊಳಪಿನಲ್ಲಿ ನೋಡಿದೆ. ಬಡಿಸಿ ಮುಗಿದು ನಾನು ತಟ್ಟೆ ಹಿಡಿದು ಕೂರುವ ಹೊತ್ತಿಗೆ ಪಾತ್ರೆಯ ತಳದ ಸೀಕಲು ಉಳಿದಿತ್ತು. ಸುತ್ತ ನೋಡಲು ಕತ್ತಲೆ ಬಿಟ್ಟು ಬೇರೇನೂ ಇರಲಿಲ್ಲ.

ನಾನು ಜಗಳವಾಡುವ ಸ್ವಭಾವದವಳಲ್ಲ. ಆದರೆ ಇಳಿಯುವಾಗ ಒಂದು ತೀರ್ಮಾನ ಮಾಡಿದೆ. ಮುಂದಿನ ನಡಿಗೆಗೆ ನನ್ನ ಊಟವನ್ನು ನಾನೇ ಒಣಗಿಸಿ ಹೊರುತ್ತೇನೆ. ಕುದಿವ ನೀರು ಸುರಿದರೆ ಸಾಕು, ಊಟವಾಗಬೇಕು. ಎಲ್ಲರಿಗೂ ಅಂತ ಒಂದು ಪಾತ್ರೆ ಇದ್ದರೆ ತಾನೇ ಬಡಿಸುವವಳೊಬ್ಬಳು ಬೇಕು?

ನಡಿಗೆಯನ್ನೂ ಆಮೇಲೆ ಗೊತ್ತುಮಾಡಿಕೊಂಡೆ. ನಮ್ಮದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳತಿಯೊಬ್ಬಳ ಊರು ಬಾಳೆಲೆ. ದಸರಾ ರಜೆಯಲ್ಲಿ ಜಿಲ್ಲೆಯ ಉತ್ತರದ ತುದಿ ಕೊಡ್ಲಿಪೇಟೆಯಿಂದ ದಕ್ಷಿಣದ ಅವಳ ಮನೆಯವರೆಗೆ, ಎಸ್ಟೇಟ್ ರಸ್ತೆ ಹಳ್ಳಿ ರಸ್ತೆ ಹಿಡಿದು ನಡೆಯುವುದೆಂದು ಮಾತಾಯಿತು. ಹಗಲು ಮಾತ್ರ ನಡಿಗೆ, ಆನೆಗಳು ರಸ್ತೆಗಿಳಿಯುವ ಮೊದಲು ಒಳಗಿರಬೇಕು ಎಂಬುದು ಅವಳ ಷರತ್ತು. ಉಳಿದುಕೊಳ್ಳುವ ಕಡೆ ಮಲಗಲು ಕೋಣೆ ಮತ್ತು ಕುದಿವ ನೀರು ಬಿಟ್ಟು ಏನೂ ಕೇಳಬಾರದು, ಅವರವರ ಊಟ ಅವರವರ ಚೀಲದಲ್ಲಿ ಎಂಬುದು ನನ್ನದು.

ಬೇಸಿಗೆಯಿಡೀ ತಾರಸಿಯ ಮೇಲೆ ಬಿಳಿ ಪಂಚೆಗಳು ಹರಡಿದ್ದವು. ಬೇಯಿಸಿದ ಅನ್ನ, ಬೇಯಿಸಿದ ಅವರೆಬೇಳೆ, ಟೊಮೆಟೊ, ಕ್ಯಾರೆಟ್, ನುಗ್ಗೆಸೊಪ್ಪು. ಮೇಲೆ ಹಳೆಯ ಸೊಳ್ಳೆಪರದೆ. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದಳು.

"ಮಾಡಿದ ಅನ್ನಾನ ಒಣಗ್ಸಿ, ಅದ್ಕೆ ಮತ್ತೆ ನೀರು ಹಾಕಿ ಅನ್ನ ಮಾಡ್ಕಂತೀಯ?"

"ಹೂಂ."

"ಇದನ್ನ ಕಲಿಯೋಕೆ ಯೂನಿವರ್ಸಿಟಿಗೆ ಹೋಗ್ಬೇಕಿತ್ತಾ ಮಗಾ?"

ಹಾಗಂದರೂ ಅವಳು ಸುಮ್ಮನಿರಲಿಲ್ಲ. ವರ್ಷ ವರ್ಷ ಸಂಡಿಗೆ ಇಟ್ಟ ಕೈ. "ಆಗ್ಲೇ ತಿರುವಬೇಡ, ಒಂದು ಮಗ್ಗುಲು ಪೂರಾ ಒಣಗ್ಲಿ," "ಇಬ್ಬನಿ ಬೀಳೋಕೆ ಮುಂಚೆ ಎತ್ತು," ಎಂದು ಕೆಳಗಿನಿಂದಲೇ ಕೂಗುತ್ತಿದ್ದಳು. ಬಿಸಿಲಲ್ಲಿ ಕಾದದ್ದನ್ನು ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಒಳಗೇ ಬೆವರುತ್ತದೆ ಎಂದು ಹೇಳಿಕೊಟ್ಟವಳೂ ಅವಳೇ. ನಾನು ಅದಕ್ಕೆ ನನ್ನದೊಂದು ಕ್ರಮ ಸೇರಿಸಿದೆ. ಒಣಗಿದ್ದನ್ನೆಲ್ಲ ಮೊದಲು ಗಾಜಿನ ಭರಣಿಯಲ್ಲಿ ತುಂಬಿ ಕೆಲವು ದಿನ ಅಲುಗಿಸುತ್ತ ಇಡುವುದು. ಗಾಜಿನ ಒಳಮೈ ಮಂಜಾದರೆ ಮತ್ತೆ ಬಿಸಿಲಿಗೆ. ಕೊಬ್ಬರಿ, ಎಣ್ಣೆ ಸೇರಿಸಲಿಲ್ಲ. ಅವು ಮಳೆಗಾಲ ಮುಗಿಯುವುದರೊಳಗೆ ಕಮಟು ಹಿಡಿಯುತ್ತವೆ.

ತೊಂದರೆ ಬಂದದ್ದು ಪೊಟ್ಟಣ ಕಟ್ಟುವಾಗ. ಒಂದು ಲೋಟ ಅನ್ನ, ಅದಕ್ಕೆ ತಕ್ಕ ಬೇಳೆ, ತರಕಾರಿ, ಸಾರಿನ ಪುಡಿ, ಉಪ್ಪು. ಒಂದು ಹೊತ್ತಿಗೆ ಒಬ್ಬಳಿಗೆ ಬೇಕಾದಷ್ಟೇ. ಪ್ಲಾಸ್ಟಿಕ್ ಚೀಲದ ಬಾಯನ್ನು ಗರಗಸದ ಬ್ಲೇಡಿನ ಮೇಲೆ ಮಡಚಿ, ಅಂಚನ್ನು ಮೇಣದಬತ್ತಿಯ ಉರಿಗೆ ತೋರಿಸಿ ಅಂಟಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಪ್ರತಿ ಸಲ ನಾನು ಲೋಟ ಬಗ್ಗಿಸಿದಾಗಲೂ ಅವಳ ಕೈ ಒಂದಿಷ್ಟು ಮುಂದೆ ಬಂದು ನಿಲ್ಲುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ಜಾಸ್ತಿ ಬೀಳಬೇಕು. ಅದು ಬಂದವರ ಹಿಡಿ. ಯಾರು ಬರುತ್ತಾರೋ ಗೊತ್ತಿಲ್ಲ, ಬರದೆಯೂ ಇರಬಹುದು, ಆದರೆ ಹಿಡಿ ಬೀಳಲೇಬೇಕು. ಅಜ್ಜಿಯ ಕೈಯಿಂದ ಅಮ್ಮನ ಕೈಗೆ ಬಂದ ರೂಢಿ.

ಅದೇ ಹೊತ್ತಿಗೆ ಅತ್ತೆ ಬಂದರು. ಅಪ್ಪನ ಅಕ್ಕ, ಪಕ್ಕದ ಊರಿನವರು, ಹೇಳದೆ ಬರುವುದು ಅವರ ಹಕ್ಕು. ಒಂದು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದರು.

"ಏನೇ ಇದು, ಡಾಕ್ಟ್ರು ಕಟ್ಟಿ ಕೊಡೋ ಪುಡಿ ಇದ್ದಂಗೈತೆ?"

"ಊಟ ಅತ್ತೆ."

"ಯಾರಿಗೆ?"

"ನನಗೆ."

"ಜೊತೇಲಿ ಬರೋಳಿಗೆ?"

"ಅವಳದ್ದು ಅವಳು ತರ್ತಾಳೆ."

"ದಾರೀಲಿ ಯಾರಾದ್ರೂ ಸಿಕ್ರೆ?"

"ಸಿಕ್ಕಿದ್ರೆ ಮಾತಾಡ್ತೀನಿ."

ಅತ್ತೆ ಅಮ್ಮನ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳಿದ್ಯೇನೇ? ನಾಳೆ ಇವಳ ಮನೆಗೆ ಹೋದ್ರೆ ತಟ್ಟೆ ತುಂಬ ಮಾತು ಬಡಿಸ್ತಾಳೆ ಕಣೆ! ಅಲ್ವೇ ಮಗಾ, ಬಾಳೆಲೆಗೆ ಬಸ್ಸು ಇಲ್ವಾ?"

"ಇದೆ."

"ಮತ್ತೆ?"

"ನಡೀತೀನಿ."

ಅಮ್ಮ ನಗಲಿಲ್ಲ. ಅತ್ತಿಗೆಯ ಎದುರು ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಎದ್ದು ಅಕ್ಕಿ ಅಳೆಯಲು ಹೋದಳು.

ಪೊಟ್ಟಣಗಳನ್ನು ಎಲ್ಲಿಡುವುದು ಎಂಬುದು ಮುಂದಿನ ಪ್ರಶ್ನೆ. ನನ್ನ ಮಡಿಕೇರಿಯ ಕೋಣೆ ಆಗದು. ಅಲ್ಲಿ ಜೂನ್ ಬಂತೆಂದರೆ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ತಲೆ ಉದುರುತ್ತದೆ, ಚರ್ಮದ ಚಪ್ಪಲಿಗೆ ಹಸಿರು ಬೂಷ್ಟು ಬರುತ್ತದೆ. ಹಾಗಾಗಿ ಮನೆಯ ಅಡುಗೆಕೋಣೆಯ ಅಟ್ಟದ ಮೇಲೆ, ಮುಚ್ಚಳ ಬಿಗಿಯಾದ ದೊಡ್ಡ ತಗಡಿನ ಡಬ್ಬಿಯಲ್ಲಿಟ್ಟೆ. ಪ್ರಯೋಗಾಲಯದಲ್ಲಿ ತೇವ ಹೀರಲು ಬಳಸುವಂಥ ನೀಲಿ ಹರಳುಗಳನ್ನು ಕೊಂಡು ತಂದು, ಒಂದು ಸಣ್ಣ ಸೀಸೆಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ಊಟಕ್ಕೆ ತಾಗದಂತೆ ಒಂದು ಮೂಲೆಯಲ್ಲಿ ನಿಲ್ಲಿಸಿದೆ. ತೇವ ಕುಡಿದರೆ ಆ ಹರಳು ಗುಲಾಬಿಯಾಗುತ್ತದೆ. ಮುಚ್ಚಳದ ಸುತ್ತ ಟೇಪು ಅಂಟಿಸಿ ಅಮ್ಮನಿಗೆ ಹೇಳಿದೆ: "ಮಳೆ ನಿಲ್ಲೋವರೆಗೂ ಇದನ್ನ ತೆಗೀಬೇಡಮ್ಮ." ಅವಳು ತಲೆಯಾಡಿಸಿದಳು.

ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಏಣಿ ಹತ್ತಿ ಡಬ್ಬಿ ಇಳಿಸಿದೆ. ಟೇಪು ನಾನು ಸುತ್ತಿದಂತೆ ಇರಲಿಲ್ಲ. ಮುಚ್ಚಳ ತೆಗೆದರೆ ಮೊದಲು ಬಂದದ್ದು ಮುಗ್ಗಲು ವಾಸನೆ. ಸೀಸೆಯೊಳಗಿನ ಹರಳು ಪೂರ್ತಿ ಗುಲಾಬಿಯಾಗಿದ್ದವು. ಪೊಟ್ಟಣಗಳೆಲ್ಲ ಮೊದಲಿಗಿಂತ ಉಬ್ಬಿದ್ದವು, ಬಾಯಿಯ ಅಂಟು ಸುಕ್ಕು ಸುಕ್ಕಾಗಿತ್ತು. ಒಳಗೆ ಅನ್ನದ ಮೇಲೆ ಅವಲಕ್ಕಿ. ಅವಲಕ್ಕಿ ಇದ್ದ ಕಡೆಯಿಂದ ಕರಿಹಸಿರು ಬೂಷ್ಟು ಕೆಳಗಿಳಿದಿತ್ತು.

ಅಮ್ಮ ಹೂರಣ ರುಬ್ಬುತ್ತಿದ್ದಳು.

"ಯಾರಾದ್ರೂ ಡಬ್ಬಿ ತೆಗೆದ್ರಾಮ್ಮ?"

"ನಾನೇ ತೆಗ್ದೆ," ಎಂದಳು, ಕೈ ನಿಲ್ಲಿಸದೆ. "ಎಲ್ಲಾದಕ್ಕೂ ಒಂದೊಂದ್ ಹಿಡಿ ಅವಲಕ್ಕಿ ಹಾಕಿವ್ನಿ."

"ಯಾವಾಗ?"

"ಅದೇ ಜಡಿ ಮಳೆ ಹಿಡ್ಕಂಡಿತ್ತಲ್ಲ, ಹೊಲದ ಕಡೆ ಕಾಲಿಡಂಗಿರ್ಲಿಲ್ಲ. ಮನೇಲಿ ಕೂತ್ಕಂಡು ಏನ್ ಮಾಡೋದು ಅಂತ ಒಂದೊಂದೇ ಕತ್ರಿಸಿ ಹಾಕ್ದೆ. ನೀನು ಮಾಡಿದಂಗೇ ಬ್ಲೇಡು ಇಟ್ಟು ಮೇಣದಬತ್ತೀಲಿ ಅಂಟಿಸ್ದೆ. ಚೆನ್ನಾಗ್ ಅಂಟೈತಲ್ಲ?"

ಆ ಕೊನೆಯ ಮಾತಿನಲ್ಲಿ ಹೆಮ್ಮೆ ಇತ್ತು. ವರ್ಷದಲ್ಲೇ ಅತಿ ಒದ್ದೆಯ ದಿನಗಳನ್ನು ಆರಿಸಿಕೊಂಡು ಅವಳು ಪ್ರತಿಯೊಂದು ಪೊಟ್ಟಣದ ಬಾಯಿ ಬಿಡಿಸಿ, ಆ ಗಾಳಿಯನ್ನು ಒಳಗೆ ತುಂಬಿ, ಮತ್ತೆ ಭದ್ರವಾಗಿ ಮುಚ್ಚಿದ್ದಳು.

ನಾನು ಪೊಟ್ಟಣಗಳನ್ನು ಹಿತ್ತಿಲ ಜಗಲಿಯ ಮೇಲೆ ಸುರಿದು ಒಂದೊಂದನ್ನೇ ಕತ್ತರಿಸಿ ನೋಡಿದೆ. ಉಳಿಸಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಬೂಷ್ಟು ಬಂದದ್ದನ್ನು ದನಕ್ಕೂ ಹಾಕುವಂತಿಲ್ಲ. ಅಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಆಗ ಅರ್ಥವಾಯಿತು.

"ಒಂದ್ ಹಿಡಿ ಹಾಕಿದ್ದಕ್ಕೆ ಹಿಂಗಾಯ್ತಾ?"

"ಮಳೆ ದಿನದ ಗಾಳೀನೂ ನೀರೇ ಅಮ್ಮ. ಅದಿರಲಿ, ಯಾಕೆ ಹಾಕಿದೆ?"

"ಒಬ್ರಿಗೇ ಅಂತ ಅಳೆದು ಕಟ್ಟೋದು ಸತ್ತೋರ ಎಡೆಗೆ ಮಗಾ. ಬದುಕಿರೋರಿಗೆ ಹಂಗೆ ಕಟ್ಬಾರ್ದು. ನೀನು ಕಟ್ತಾ ಇದ್ರೆ ನಂಗೆ ನೋಡಕಾಗ್ತಿರ್ಲಿಲ್ಲ. ದಾರೀಲಿ ಯಾರಾದ್ರೂ ಬಂದ್ರೆ ಇರ್ಲಿ ಅಂತ…"

"ಯಾರಮ್ಮ ಬರೋರು? ದಿನಾ ಹಾಕ್ತೀಯಲ್ಲ ಒಂದು ಹಿಡಿ, ದಿನಾ ಯಾರು ಬರ್ತಾರೆ?"

"ಬರ್ದಿದ್ರೆ ಉಳೀತದೆ."

"ಉಳಿದದ್ದನ್ನ ಯಾರು ಉಣ್ತಾರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನಮ್ಮ ಮನೆಯ ಅಳತೆಯಲ್ಲಿ ಅಪ್ಪನ ಪಾಲಿತ್ತು, ನನ್ನ ಪಾಲಿತ್ತು, ಬಂದವರ ಹಿಡಿ ಇತ್ತು. ಅಮ್ಮನದೆಂದು ಅಳೆದದ್ದು ಇರಲಿಲ್ಲ. ಯಾರೂ ಬಾರದ ದಿನ ಅವಳು ಬಂದವರ ಹಿಡಿಯನ್ನು ಉಣ್ಣುತ್ತಿದ್ದಳು. ಯಾರಾದರೂ ಬಂದ ದಿನ ಒಂದು ಲೋಟ ಮಜ್ಜಿಗೆ ಕುಡಿದು, "ಯಾಕೋ ಇವತ್ತು ಹಸಿವಿಲ್ಲ," ಅನ್ನುತ್ತಿದ್ದಳು. ಆ ರೂಢಿಯನ್ನು ಔದಾರ್ಯ ಎಂದು ಹೊಗಳುವವರನ್ನು ನಾನು ಬಹಳ ಕೇಳಿದ್ದೇನೆ. ಹೊಗಳಿದವರೆಲ್ಲ ಹೊಟ್ಟೆ ತುಂಬಿ ಕೈ ತೊಳೆದವರು.

ಅವಳನ್ನು ನೋಯಿಸುವುದು ನನಗೆ ಬೇಕಿರಲಿಲ್ಲ. ಆದರೆ ಆ ಹಿಡಿ ನನ್ನ ಪೊಟ್ಟಣದೊಳಕ್ಕೆ ಬರುವುದನ್ನು ಒಪ್ಪಲು ನಾನು ತಯಾರಿರಲಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ.

ಹಬ್ಬದ ಊಟಕ್ಕೆ ಬಂದ ಅತ್ತೆ ಜಗಲಿಯ ರಾಶಿ ನೋಡಿ ತೀರ್ಪು ಕೊಟ್ಟರು. "ದೇವ್ರೇ ಬ್ಯಾಡ ಅಂದಂಗಾಯ್ತು. ಸುಮ್ನೆ ಬಿಟ್ಟಾಕು. ಹೋಗ್ಲೇಬೇಕು ಅಂದ್ರೆ ಹೋಟ್ಲಲ್ಲಿ ಉಣ್ರೀ, ಇಲ್ಲಾಂದ್ರೆ ರೊಟ್ಟಿ ಚಟ್ನಿಪುಡಿ ಕಟ್ಕಂಡು ಹೋಗ್ರೀ, ಎಲ್ರೂ ಹಂಗೇ ಮಾಡೋದು."

"ಮತ್ತೆ ಒಣಗಿಸ್ತೀನಿ ಅತ್ತೆ."

"ಈ ಮೋಡದಾಗೆ?"

"ಹೂಂ."

"ಮೊಂಡು ಕಣೇ ನೀನು."

ಹೌದು ಎಂದೆ. ಅವರು ಬೈಗುಳವಾಗಿ ಅಂದದ್ದನ್ನು ನಾನು ನನ್ನ ವರ್ಣನೆ ಎಂದು ತೆಗೆದುಕೊಂಡೆ.

ಬಿಸಿಲಿರಲಿಲ್ಲ, ಅವರೆಕಾಯಿಯ ಕಾಲವೂ ಅಲ್ಲ. ಹೆಸರುಬೇಳೆ ತಂದೆ. ನಮ್ಮ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಇದೆ. ಅದರ ಬಾಯಿಂದ ಕೆಂಡ ಎಳೆದು ಹರಡಿ, ಸುತ್ತ ಇಟ್ಟಿಗೆ ಜೋಡಿಸಿ, ಅವುಗಳ ಮೇಲಿಟ್ಟ ಕಾಫಿ ಬೀಜದ ಅಗಲ ಜರಡಿಗೆ ಬಟ್ಟೆ ಹಾಸಿ ಅನ್ನ ಹರಡಿದೆ. ಮೊದಲ ಸಲ ಎಲ್ಲ ಹೊಗೆ ಕುಡಿದು ಸುಟ್ಟ ಸೌದೆಯ ರುಚಿ ಬಂತು. ಎಸೆದು ಮತ್ತೆ ಹರಡಿದೆ. ಶನಿವಾರ ಬಸ್ಸಿಳಿದು ನೇರ ಬಚ್ಚಲಿಗೆ ಹೋಗುತ್ತಿದ್ದೆ, ಸೋಮವಾರ ಬೆಳಗಿನ ಬಸ್ಸಿನಲ್ಲಿ ಪಕ್ಕದವರು ನನ್ನ ಬಟ್ಟೆಯ ವಾಸನೆಗೆ ಕಿಟಕಿ ತೆರೆಯುತ್ತಿದ್ದರು.

ಎರಡನೆಯ ವಾರವೋ ಏನೋ, ಬಚ್ಚಲ ಬಾಗಿಲಲ್ಲಿ ಒಂದು ಮಂಕರಿ ಒಣ ಜೋಳದ ಬೆಂಡು ಇತ್ತು. ಕಾಳು ಬಿಡಿಸಿದ ಬೆಂಡು. ಅದರ ಕೆಂಡಕ್ಕೆ ಹೊಗೆ ಕಡಿಮೆ. ತಂದಿಟ್ಟು ಅಮ್ಮ ಒಳಗೆ ಹೋಗಿದ್ದಳು. ಆಮೇಲೆ ಬಂದು ಹೊಸ್ತಿಲ ಮೇಲೆ ಕೂತಳು. ನಾನು ಅನ್ನ ತಿರುವುತ್ತಿದ್ದೆ.

"ಒಬ್ರಿಗೆ ಎಷ್ಟು ಅಂತ ಹೆಂಗೆ ಅಳೀತೀಯ?"

"ಹಸಿವು ನೋಡಿ."

"ಯಾರ ಹಸಿವು?"

"ಉಣ್ಣೋರದ್ದು. ನಂದು."

ಅವಳು ಪಕ್ಕದಲ್ಲಿದ್ದ ಅಳತೆಯ ಲೋಟ ತೆಗೆದುಕೊಂಡು ಒಳಗೆ ನೋಡಿದಳು. ಖಾಲಿ ಲೋಟ. ಐವತ್ತು ದಾಟಿದ, ವರ್ಷಗಟ್ಟಲೆ ಆ ಮನೆಯ ಅನ್ನವನ್ನೆಲ್ಲ ತಾನೇ ಅಳೆದ ಹೆಂಗಸು.

"ನಂಗೆ ಎಷ್ಟು ಅಂತ ನಂಗೇ ಗೊತ್ತಿಲ್ಲ ಕಣೆ," ಎಂದಳು. ದುಃಖದಿಂದಲ್ಲ, ಅಂಗಡಿಯಲ್ಲಿ ಸಿಗದ ಸಾಮಾನಿನ ಬಗ್ಗೆ ಹೇಳುವ ಹಾಗೆ. ನಾನು ಜರಡಿಯ ಅನ್ನ ತಿರುವಿದೆ. ಸಮಾಧಾನ ಮಾಡಿದರೆ ಆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.

ಹೊಸ ಪೊಟ್ಟಣಗಳನ್ನು ಅದೇ ಡಬ್ಬಿಯಲ್ಲಿ, ಅದೇ ಅಟ್ಟದ ಮೇಲಿಟ್ಟೆ. ಹರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿದ್ದೆ. ಆ ಬಾಣಲೆಯನ್ನು ಅಡುಗೆಯಿಂದ ಹೊರಗಿಟ್ಟೆ. ನಡೆದದ್ದನ್ನು ಕೇಳಿ, ಬೀಗ ಹಾಕು ಎಂದಳು ಗೆಳತಿ. ಹಾಕಲಿಲ್ಲ. ನನ್ನ ಪಾಲನ್ನು ಅಮ್ಮನಿಂದ ಬಚ್ಚಿಟ್ಟು ಉಳಿಸಿಕೊಳ್ಳುವುದಾದರೆ ಅದು ನನ್ನ ಪಾಲು ಹೇಗಾಗುತ್ತದೆ? "ಇದು ನನಗೆ ಮಾತ್ರ. ಕೈ ಹಾಕಬೇಡ," ಎಂದು ಮುಖ ನೋಡಿ ಹೇಳಿದೆ. ಹೊರಡುವ ದಿನ ತೆಗೆದಾಗ ಹರಳು ನೀಲಿಯೇ ಇದ್ದವು.

ಕೊಡ್ಲಿಪೇಟೆಯಿಂದ ನಡೆದೆವು. ಮೊದಮೊದಲು ಪ್ರತಿ ಜೀಪೂ ನಿಂತಿತು. "ಎಲ್ಲಿಗೆ? ಹತ್ತಿ, ಬಿಡ್ತೇವೆ," ಎನ್ನುವರು. ಬೇಡ, ನಡೆಯುತ್ತೇವೆ ಎಂದರೆ ಪೆಟ್ರೋಲು ಮುಗಿದವರನ್ನು ನೋಡುವಂತೆ ನೋಡಿ ಹೋಗುವರು. ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರ್ ಬೈಕ್ ನಿಲ್ಲಿಸಿ, "ಹರಕೆಯಾ?" ಎಂದು ಕೇಳಿದರು. ಗೆಳತಿ, "ಹೌದು ಅಣ್ಣ, ನಮ್ಮದೇ ಹರಕೆ, ನಮಗೇ ಹೊತ್ತುಕೊಂಡದ್ದು," ಎಂದಳು. ಮಾತಿಗೆ ಅವಳಿದ್ದಳು, ನಾನು ನಕ್ಕು ಮುಂದೆ ನಡೆದೆ.

ನಡಿಗೆ ಅರ್ಧ ದಾಟಿದ ಒಂದು ಮಧ್ಯಾಹ್ನ, ಸಿದ್ದಾಪುರದ ಕಡೆ, ಮಳೆ ಹನಿಯಿತು. ತೋಟಗಳ ನಡುವಿನ ಬಸ್ ತಂಗುದಾಣದಲ್ಲಿ ಕೂತೆವು. ಬೆಳಿಗ್ಗೆ ಉಳಿದಿದ್ದ ಕಡೆಯಿಂದ ಫ್ಲಾಸ್ಕಿಗೆ ತುಂಬಿಸಿಕೊಂಡ ನೀರು ಇನ್ನೂ ಹಬೆಯಾಡುತ್ತಿತ್ತು. ಅವಳು ಅವಳ ಡಬ್ಬಿಗೆ ಸುರಿದುಕೊಂಡಳು, ನಾನು ನನ್ನದಕ್ಕೆ. ಮುಚ್ಚಿ, ಟವೆಲು ಸುತ್ತಿ ಕಾದೆವು. ಬಸ್ಸಿಗೆ ಕಾಯುತ್ತಿದ್ದ ತೋಟದ ಕೆಲಸದ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಮುಚ್ಚಳ ತೆಗೆದಾಗ ಸಾರಿನ ಪುಡಿಯ ಘಮ ಎದ್ದಿತು.

"ನಮಗಿಲ್ವಾ?" ಎಂದರು ಅವರು, ನಗುತ್ತ.

ಬೇಸಿಗೆಯಿಂದ ನಾನು ಹೆದರಿದ್ದ ಪ್ರಶ್ನೆ ಅದು. ಅತ್ತೆ ಕೇಳಿದ್ದೂ ಅದೇ, ಅಮ್ಮ ಅವಲಕ್ಕಿ ಹಾಕಿದ್ದೂ ಅದಕ್ಕೇ.

"ಇಲ್ಲ ಅಕ್ಕ. ಇದು ನನ್ನೊಬ್ಬಳಿಗೆ," ಎಂದೆ.

"ಸರಿ ಬಿಡು," ಎಂದು ಅವರು ತಮ್ಮ ಚೀಲದಿಂದ ಟಿಫಿನ್ ಡಬ್ಬಿ ತೆಗೆದರು. "ನಂಗೂ ನಂದು ಉಂಟು." ನಾವು ಮೂವರೂ ನಮ್ಮ ನಮ್ಮ ಡಬ್ಬಿ ಹಿಡಿದು, ಮಳೆ ನೋಡುತ್ತ ಉಂಡೆವು. ಆಕಾಶ ಕಳಚಿ ಬೀಳಲಿಲ್ಲ. ಅನ್ನ ಮೆತ್ತಗಾಗಿತ್ತು, ಹೆಸರುಬೇಳೆ ಸರಿಯಾಗಿ ಅರಳಿತ್ತು, ತುಸು ಹೊಗೆಯ ವಾಸನೆ ಉಳಿದಿತ್ತು. ಎದುರಿನ ತೋಟದ ಸಿಲ್ವರ್ ಓಕ್ ಮರಗಳಿಂದ ನೀರಿಳಿಯುವುದನ್ನು ನಾನು ಕಣ್ಣಾರೆ ನೋಡಿದೆ, ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ.

ಡಬ್ಬಿ ತೊಳೆಯುವಾಗ ಅಮ್ಮನ ಫೋನು ಬಂತು.

"ಉಂಡ್ಯಾ?"

"ಉಂಡೆ."

"ಸಾಕಾಯ್ತಾ?"

"ಸಾಕಾಯ್ತು."

ಅವಳ ದನಿ ತಗ್ಗಿತು. "ನಿಮ್ಮತ್ತೆ ಬಂದವ್ರೆ. ಹೊರಗೆ ನಿಮ್ಮಪ್ಪನ್ ಜೊತೆ ಕೂತವ್ರೆ. ಇಬ್ರೂ ಇನ್ನೂ ಉಂಡಿಲ್ಲ." ಆಮೇಲೆ ಹೇಳಿದಳು: "ನಾನು ಉಂಡೆ."

"ಅವರಿಗಿಂತ ಮುಂಚೆಯಾ?"

"ಹೂಂ. ಹಸಿವಾಗಿತ್ತು."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಯಾರ ಜೊತೆಗೇ ಗುಸುಗುಸು? ಎಲೆ ಹಾಕಲ್ವೇನೇ?" ಅಮ್ಮ, "ಬಂದೆ ಅತ್ಗೆ, ತಡೀರಿ," ಎಂದಳು. ಆ 'ತಡೀರಿ' ನಾನು ಅವಳ ಬಾಯಲ್ಲಿ ಹಿಂದೆಂದೂ ಕೇಳಿದ್ದಲ್ಲ.

ನಿಜ ಹೇಳಬೇಕೆಂದರೆ ನನಗೆ ಸಾಕಾಗಿರಲಿಲ್ಲ. ಚೀಲ ಹೊತ್ತು ನಡೆಯುವವಳ ಹಸಿವು ಮನೆಯಲ್ಲಿ ಕೂತು ಅಳೆದ ಹಸಿವಿಗಿಂತ ದೊಡ್ಡದು. ಬಾಳೆಲೆ ತಲುಪುವವರೆಗೆ ಪ್ರತಿ ಮಧ್ಯಾಹ್ನವೂ ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಉಳಿಯುತ್ತಿತ್ತು. ಅದನ್ನು ಅಮ್ಮನಿಗೂ ಹೇಳಲಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ. ಬರುವ ಬೇಸಿಗೆಗೆ ಲೋಟ ಬದಲಾಯಿಸುತ್ತೇನೆ, ದೊಡ್ಡದು ತೆಗೆದುಕೊಳ್ಳುತ್ತೇನೆ. ಒಂದು ಹಿಡಿ ಜಾಸ್ತಿಯೇ ಬೀಳಬಹುದು. ಅದೂ ನನ್ನದೇ.